ಕಡಲ ತೊರಕೆ, ಮರುಭೂಮಿಯ ಜರ್ಬೂ: ಉಪ್ಪು-ನೀರಿನ ಲೆಕ್ಕದಲ್ಲಿ ಗೆದ್ದ ಎರಡು ಜೀವಿಗಳು

ಕಾಸರಗೋಡು ಜಿಲ್ಲೆಯ ನಮ್ಮ ಹೆಚ್ಚಿನ ಮನೆಗಳಿಗೆ ಎರಡು ಊರು. ಒಂದು ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆಯ ಕಡಲ ತೀರ. ಇನ್ನೊಂದು ದುಬೈ, ದಮ್ಮಾಮ್, ಕುವೈತ್, ದೋಹಾದ ಮರುಭೂಮಿ. ಇಲ್ಲಿ ಉಮ್ಮ ಮೀನು ಸಾರಿಗೆ ಹುಳಿ ಹಿಂಡುವ ಹೊತ್ತಿಗೆ ಅಲ್ಲಿ ಮಗ ಸೈಟಿನಲ್ಲಿ ಹೆಲ್ಮೆಟ್ ಹಾಕಿ ನಿಂತಿರುತ್ತಾನೆ. ಕಡಲು ಮತ್ತು ಮರಳುಗಾಡು, ಈ ಎರಡರ ಜೊತೆಗೂ ನಮಗೆ ಅನ್ನದ ಸಂಬಂಧ ಇದೆ.

ಈ ಎರಡು ಊರಿನ ಎರಡು ಪ್ರಾಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು ನಮ್ಮ ಮೀನು ಮಾರ್ಕೆಟಿನಲ್ಲಿ ಚಪ್ಪಟೆಯಾಗಿ ಬಿದ್ದಿರುವ ತೊರಕೆ, ಅಂದರೆ ಮಲಯಾಳದ ತಿರಂಡಿ. ಇನ್ನೊಂದು ಅರಬ್ ಮರುಭೂಮಿಯಲ್ಲಿ ರಾತ್ರಿ ಹೊತ್ತು ಕಾಂಗರೂ ಥರ ಕುಪ್ಪಳಿಸುವ ಸಣ್ಣ ಇಲಿ. ಅರಬಿಯಲ್ಲಿ ಅದರ ಹೆಸರು ಯರ್ಬೂಅ್; ಗಲ್ಫಿನ ಆಡುಮಾತಿನಲ್ಲಿ ಜರ್ಬೂ. ಮರುಭೂಮಿ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸುವ ನಮ್ಮ ಡ್ರೈವರ್‌ಗಳಲ್ಲಿ ಹಲವರು ಇದನ್ನು ಹೆಡ್‌ಲೈಟಿನ ಬೆಳಕಲ್ಲಿ ನೋಡಿರುತ್ತಾರೆ.

ಮೀನಿಗೂ ಇಲಿಗೂ ಏನು ಹೋಲಿಕೆ ಅಂತ ಕೇಳಬಹುದು. ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಇಬ್ಬರ ಮುಂದೆಯೂ ಇರುವ ಕಷ್ಟ ಒಂದೇ: ದೇಹದ ಒಳಗಿನ ನೀರನ್ನು ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಇಬ್ಬರೂ ಕೊಟ್ಟ ಉತ್ತರ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಮತ್ತು ಆ ಎರಡೂ ಉತ್ತರ ಗೊತ್ತಿಲ್ಲದ ಮೂರನೆಯ ಪ್ರಾಣಿ ನಾವು, ಮನುಷ್ಯರು.

ಮೊದಲು ಪರಿಚಯ

ತೊರಕೆ ಅಂದರೆ ಒಂದೇ ಜಾತಿಯ ಮೀನಲ್ಲ. ಬಾಲದಲ್ಲಿ ಮುಳ್ಳಿರುವ ತೊರಕೆಗಳಲ್ಲೇ ಜಗತ್ತಿನಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಅಂಗೈಯಷ್ಟು ಅಗಲದ್ದೂ ಇದೆ, ಒಂದು ಮೀಟರ್‌ಗಿಂತ ಅಗಲದ್ದೂ ಇದೆ. ಇದರ ದೇಹದಲ್ಲಿ ನಿಜವಾದ ಎಲುಬು ಇಲ್ಲ. ನಮ್ಮ ಕಿವಿಯ ಅಂಚನ್ನು ಮುಟ್ಟಿ ನೋಡಿದರೆ ಸಿಗುವ ಮೆತ್ತನೆಯ ಮೂಳೆ ಇದೆಯಲ್ಲ, ಆ ಮೃದ್ವಸ್ಥಿಯಿಂದಲೇ ಇಡೀ ಅಸ್ಥಿಪಂಜರ ಆಗಿರುತ್ತದೆ. ಈ ವಿಷಯದಲ್ಲಿ ಶಾರ್ಕ್ ಇದರ ಹತ್ತಿರದ ಸಂಬಂಧಿ.

ಜರ್ಬೂ ಹಾಲುಣಿಸುವ ಪ್ರಾಣಿ, ಇಲಿ-ಅಳಿಲುಗಳ ದಂಶಕ ವರ್ಗಕ್ಕೆ ಸೇರಿದ್ದು. ಜರ್ಬೂಗಳಲ್ಲಿ ಸುಮಾರು 30 ಪ್ರಭೇದಗಳಿವೆ. ಉತ್ತರ ಆಫ್ರಿಕಾದಿಂದ ಅರಬ್ ದೇಶಗಳವರೆಗೆ ಸಾಮಾನ್ಯವಾಗಿ ಕಾಣುವ ಸಣ್ಣ ಜರ್ಬೂವಿನ ವೈಜ್ಞಾನಿಕ ಹೆಸರು ಜಾಕ್ಯುಲಸ್ ಜಾಕ್ಯುಲಸ್. ದೇಹ ಸುಮಾರು 10 ಸೆಂಟಿಮೀಟರ್, ಬಾಲ ಅದಕ್ಕಿಂತ ಉದ್ದ. ಮುಂಗಾಲು ಗಿಡ್ಡ, ಹಿಂಗಾಲು ಉದ್ದ. ಹಿಂಗಾಲಿನ ಪಾದದ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ಗಟ್ಟಿ ಮೂಳೆಯಾಗಿವೆ, ಬೆರಳು ಮೂರೇ. ಪಾದದ ಅಡಿಯಲ್ಲಿ ಕೂದಲಿನ ಮೆತ್ತೆ ಇರುವುದರಿಂದ ಸಡಿಲ ಮರಳಿನಲ್ಲಿ ಕಾಲು ಹೂತುಹೋಗುವುದಿಲ್ಲ.

ನಮ್ಮ ದೇಶದಲ್ಲೂ ಮರುಭೂಮಿ ಇಲಿ ಇದೆ. ರಾಜಸ್ಥಾನ ಮತ್ತು ಕಛ್‌ನ ಒಣ ನೆಲದಲ್ಲಿ ಮೆರಿಯೋನಿಸ್ ಹರಿಯಾನೆ ಎಂಬ ಮರಳುಗಾಡಿನ ಇಲಿ ಗುಂಪಾಗಿ ಬಿಲ ತೋಡಿ ಬದುಕುತ್ತದೆ. ಅದು ಹಗಲು ಹೊತ್ತಿನಲ್ಲೂ ಹೊರಗೆ ಓಡಾಡುತ್ತದೆ. ಜರ್ಬೂ ಹಾಗಲ್ಲ, ಅದು ಪಕ್ಕಾ ರಾತ್ರಿ ಸಂಚಾರಿ.

ಇಲ್ಲೊಂದು ಸೋಜಿಗ ಕೇಳಿ. ಬಂಗುಡೆಯೂ ಮೀನು, ತೊರಕೆಯೂ ಮೀನು; ಹಾಗಾಗಿ ಅವೆರಡು ಹತ್ತಿರದ ನೆಂಟರು ಅಂತ ನಾವು ಅಂದುಕೊಂಡಿರುತ್ತೇವೆ. ಜೀವಶಾಸ್ತ್ರಜ್ಞರ ವರ್ಗೀಕರಣ ಬೇರೆಯೇ ಹೇಳುತ್ತದೆ. ಎಲುಬಿರುವ ಬಂಗುಡೆ, ಬೂತಾಯಿಗಳು ತೊರಕೆಗಿಂತ ಜರ್ಬೂಗೆ ಹತ್ತಿರ. ಮೃದ್ವಸ್ಥಿ ಮೀನುಗಳ ಸಾಲು 40 ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾಗಿತ್ತು. ಎಲುಬಿನ ಮೀನು, ಕಪ್ಪೆ, ಹಕ್ಕಿ, ಇಲಿ, ಮನುಷ್ಯ ಎಲ್ಲರೂ ಇನ್ನೊಂದು ಸಾಲಿನವರು.

ಕಡಲಿನ ಒಳಗೂ ಬಾಯಾರಿಕೆ

ಕಡಲಲ್ಲಿರುವ ಮೀನಿಗೆ ನೀರಿನ ಬರವೇ ಅಂತ ನಗಬೇಡಿ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಉಪ್ಪು ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಎಳೆದುಕೊಂಡು ಹೋಗುವುದು ಪ್ರಕೃತಿಯ ನಿಯಮ. ಉಪ್ಪಿನಕಾಯಿಗೆ ಮಾವಿನ ಮಿಡಿ ಹಾಕಿದಾಗ ಮಿಡಿ ಸುರುಟಿ ನೀರು ಬಿಡುತ್ತದಲ್ಲ, ಅದೇ ಲೆಕ್ಕ. ಮೀನಿನ ರಕ್ತದಲ್ಲಿ ಉಪ್ಪು ಕಡಿಮೆ ಇದ್ದರೆ ಕಡಲು ಅದರ ಮೈಯೊಳಗಿನ ನೀರನ್ನು ಕಿವಿರಿನ ಮೂಲಕ ಹೀರುತ್ತಲೇ ಇರುತ್ತದೆ.

ಬಂಗುಡೆಯಂಥ ಮೀನುಗಳು ಇದಕ್ಕೆ ಒಂದು ದಾರಿ ಕಂಡುಕೊಂಡಿವೆ. ಅವು ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತವೆ. ತೊರಕೆಯ ದಾರಿ ಬೇರೆ. ಅದು ತನ್ನ ರಕ್ತವನ್ನೇ ಕಡಲಿನಷ್ಟು ಗಾಢ ಮಾಡಿಕೊಂಡಿದೆ. ಉಪ್ಪಿನಿಂದಷ್ಟೇ ಅಲ್ಲ, ಯೂರಿಯಾದಿಂದ.

ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ. ಮಾಂಸ, ಮೀನು, ಬೇಳೆಯ ಪ್ರೋಟೀನ್ ದೇಹದಲ್ಲಿ ಕರಗಿದಾಗ ಹುಟ್ಟುವ ಕಸ ಅದು. ನಮ್ಮ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಯೂರಿಯಾ ಏರುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ. ತೊರಕೆಯ ರಕ್ತದಲ್ಲಿ ಮಾತ್ರ ನಮ್ಮದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಯೂರಿಯಾ ಇದ್ದರೂ ಅದು ಆರಾಮವಾಗಿ ಈಜುತ್ತದೆ. ಅದರ ಕಿಡ್ನಿ ಯೂರಿಯಾವನ್ನು ಹೊರಗೆ ಬಿಡದೆ ಹಿಡಿದು ವಾಪಸ್ ರಕ್ತಕ್ಕೆ ಸೇರಿಸುತ್ತದೆ. ಯೂರಿಯಾ ಹೆಚ್ಚಾದರೆ ಪ್ರೋಟೀನ್‌ಗಳ ಆಕಾರ ಕೆಡುತ್ತದೆ. ಅದನ್ನು ತಡೆಯಲು ಟ್ರೈಮಿಥೈಲಮೀನ್ ಆಕ್ಸೈಡ್ ಎಂಬ ಇನ್ನೊಂದು ವಸ್ತು ಅದರ ಮೈಯಲ್ಲಿ ಇದೆ. ಒಂದು ಕೆಡಿಸುತ್ತದೆ, ಇನ್ನೊಂದು ಕಾಯುತ್ತದೆ.

ಶಾರ್ಕ್ ಮತ್ತು ತೊರಕೆಗಳ ಮೈಯಲ್ಲಿ ಇಷ್ಟೊಂದು ಯೂರಿಯಾ ಇದೆ ಎಂದು ಜರ್ಮನಿಯ ವಿಜ್ಞಾನಿಗಳು 1858ರಲ್ಲೇ ಕಂಡುಹಿಡಿದಿದ್ದರು. ಉಳಿದ ಉಪ್ಪನ್ನು ಇವು ಹೇಗೆ ಹೊರಗೆ ಹಾಕುತ್ತವೆ ಎಂಬುದು ಗೊತ್ತಾಗಲು ಇನ್ನೂ ನೂರು ವರ್ಷ ಬೇಕಾಯಿತು. ಕರುಳಿನ ತುದಿಯಲ್ಲಿ ಬೆರಳಿನಾಕಾರದ ಸಣ್ಣ ಗ್ರಂಥಿಯೊಂದಿದೆ. ಉಪ್ಪನ್ನು ಹೊರಗೆ ಹಾಕುವುದೇ ಅದರ ಕೆಲಸ ಎಂದು 1960ರಲ್ಲಿ ಸಣ್ಣ ಶಾರ್ಕ್ ಒಂದರ ಮೇಲೆ ನಡೆದ ಸಂಶೋಧನೆ ತೋರಿಸಿತು.

ಇನ್ನೊಂದು ವಿಷಯ. ದಕ್ಷಿಣ ಅಮೆರಿಕಾದ ಅಮೆಜಾನ್ ನದಿಯಲ್ಲೂ ತೊರಕೆಗಳಿವೆ. ಸಿಹಿನೀರಿನಲ್ಲಿ ಯೂರಿಯಾ ಕೂಡಿಟ್ಟು ಪ್ರಯೋಜನವಿಲ್ಲ. ಆದ್ದರಿಂದ ಅವು ಆ ಅಭ್ಯಾಸವನ್ನೇ ಬಿಟ್ಟಿವೆ.

ಮಾರ್ಕೆಟಿನ ಆ ವಾಸನೆ ಎಲ್ಲಿಂದ?

ತೊರಕೆಯೂ ಶಾರ್ಕೂ ಸ್ವಲ್ಪ ಹೊತ್ತು ಬಿಸಿಲಿಗೆ ಬಿದ್ದರೆ ಮೂಗಿಗೆ ಬಡಿಯುವ ಘಾಟು ವಾಸನೆ ಬರುತ್ತದೆ. ಬಂಗುಡೆಗೆ ಆ ವಾಸನೆ ಇಲ್ಲ. ಕಾರಣ ಈಗ ನಿಮಗೇ ಗೊತ್ತಾಗಿರಬೇಕು. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಮಾಂಸದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಮೀನು ಹಿಡಿದ ಕೂಡಲೇ ಕೊಯ್ದು, ರಕ್ತ ತೊಳೆದು, ಐಸಿನಲ್ಲಿಟ್ಟರೆ ಈ ಕೆಲಸ ನಿಧಾನವಾಗುತ್ತದೆ. ತೊರಕೆ ಸಾರಿಗೆ ನಮ್ಮ ಉಮ್ಮಂದಿರು ಹುಣಸೆಹುಳಿ ಜಾಸ್ತಿ ಹಾಕುವುದರಲ್ಲೂ ರಸಾಯನಶಾಸ್ತ್ರ ಇದೆ. ಹುಳಿಯ ಆಮ್ಲ ಅಮೋನಿಯದ ಜೊತೆ ಸೇರಿಕೊಂಡರೆ ಅದು ಗಾಳಿಗೆ ಹಾರುವುದಿಲ್ಲ, ವಾಸನೆ ತಗ್ಗುತ್ತದೆ. ಆದರೆ ಘಾಟು ತೀರಾ ಜೋರಾಗಿದ್ದರೆ ಆ ಮೀನು ಹಳೆಯದು ಅಂತ ಅರ್ಥ. ಹುಳಿ ಹಾಕಿ ಮುಚ್ಚುವುದಕ್ಕಿಂತ ಕೊಳ್ಳದಿರುವುದೇ ಒಳ್ಳೆಯದು.

ನೀರು ಕುಡಿಯದೆ ಬದುಕುವ ಇಲಿ

ಈಗ ಮರುಭೂಮಿಗೆ ಬನ್ನಿ. ಜರ್ಬೂ ಕೆರೆ, ಬಾವಿ ಹುಡುಕಿಕೊಂಡು ಹೋಗುವುದಿಲ್ಲ. ಅದು ತಿನ್ನುವುದು ಬೀಜ, ಬೇರು, ಚಿಗುರು. ನೀರು ಎಲ್ಲಿಂದ? ಒಂದಿಷ್ಟು ಚಿಗುರು, ಬೇರುಗಳಲ್ಲಿ ಇರುತ್ತದೆ. ಇನ್ನೊಂದಿಷ್ಟು ಅದರ ಮೈಯೊಳಗೇ ತಯಾರಾಗುತ್ತದೆ. ತಿಂದ ಅನ್ನ ದೇಹದಲ್ಲಿ ಉರಿದಾಗ ಶಕ್ತಿಯ ಜೊತೆಗೆ ನೀರೂ ಹುಟ್ಟುತ್ತದೆ. 100 ಗ್ರಾಂ ಪಿಷ್ಟ ಉರಿದರೆ 55ರಿಂದ 60 ಗ್ರಾಂ ನೀರು; 100 ಗ್ರಾಂ ಕೊಬ್ಬಿನಿಂದ 100 ಗ್ರಾಂಗಿಂತ ಸ್ವಲ್ಪ ಹೆಚ್ಚೇ. ನಮ್ಮ ದೇಹದಲ್ಲೂ ಇದು ನಡೆಯುತ್ತದೆ. ಆದರೆ ನಾವು ಬೆವರು ಮತ್ತು ಮೂತ್ರದಲ್ಲಿ ಕಳೆದುಕೊಳ್ಳುವುದಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ.

ಜರ್ಬೂವಿನ ಜಾಣತನ ಇರುವುದು ಗಳಿಕೆಯಲ್ಲಿ ಅಲ್ಲ, ಉಳಿತಾಯದಲ್ಲಿ. ಹಗಲೆಲ್ಲ ಅದು ಬಿಲದ ಒಳಗೆ ಬಾಗಿಲಿಗೆ ಮರಳು ಒತ್ತಿ ಮುಚ್ಚಿಕೊಂಡು ಮಲಗುತ್ತದೆ. ಹೊರಗೆ ನೆಲ ಕಾದ ಕಾವಲಿಯಾಗಿದ್ದರೂ ಒಳಗೆ ತಂಪು ಮತ್ತು ತೇವ. ಉಸಿರಿನಲ್ಲಿ ಹೋಗುವ ಹಬೆಯೂ ಒಳಗೇ ನಿಲ್ಲುತ್ತದೆ. ಬೆವರಿ ಮೈ ತಂಪು ಮಾಡಿಕೊಳ್ಳುವ ಪದ್ಧತಿ ಅದಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಕಿಡ್ನಿಯಲ್ಲಿ. ಕಿಡ್ನಿಯ ಒಳಗೆ ಹೆನ್ಲೆ ಕುಣಿಕೆ ಎಂಬ ಸಣ್ಣ ನಳಿಕೆಗಳಿವೆ. ಮೂತ್ರದಿಂದ ನೀರನ್ನು ವಾಪಸ್ ಎಳೆಯಲು ಇವು ನೆರವಾಗುತ್ತವೆ. ಜರ್ಬೂವಿನಲ್ಲಿ ಈ ಕುಣಿಕೆ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಉದ್ದ. ಮನುಷ್ಯನ ಕಿಡ್ನಿ ಎಷ್ಟೇ ಕಷ್ಟಪಟ್ಟರೂ ಮೂತ್ರವನ್ನು ರಕ್ತದ ಸುಮಾರು 4 ಪಟ್ಟು ಗಾಢ ಮಾಡಬಲ್ಲದು. ಜರ್ಬೂ 20 ಪಟ್ಟಿನವರೆಗೂ ಹೋಗುತ್ತದೆ. ಕೆಲವೇ ಹನಿ ನೀರಿನಲ್ಲಿ ಇಡೀ ದಿನದ ಯೂರಿಯಾ, ಉಪ್ಪು ಎಲ್ಲ ಹೊರಗೆ.

ವ್ಯತ್ಯಾಸ ಈಗ ಸ್ಪಷ್ಟ ಆಯಿತಲ್ಲ? ಕಸ ಒಂದೇ, ಯೂರಿಯಾ. ತೊರಕೆ ಅದನ್ನು ಒಳಗೆ ಇಟ್ಟುಕೊಂಡು ನೀರು ಉಳಿಸುತ್ತದೆ. ಜರ್ಬೂ ಅದನ್ನು ಹಿಂಡಿ ಹೊರಗೆ ಎಸೆದು ನೀರು ಉಳಿಸುತ್ತದೆ.

ಬಿಲದಿಂದ ಹುಟ್ಟಿದ ಮಾತು

ಅರಬರಿಗೆ ಜರ್ಬೂ ತುಂಬಾ ಹಳೆಯ ಪರಿಚಯ. ಅದರ ಬಿಲಕ್ಕೆ ಎದುರಿಗೆ ಕಾಣುವ ಬಾಗಿಲು ಒಂದಾದರೆ ಗುಟ್ಟಿನ ಬಾಗಿಲು ಇನ್ನೊಂದು. ಗುಟ್ಟಿನ ಬಾಗಿಲನ್ನು ಅದು ಪೂರ್ತಿ ತೋಡುವುದಿಲ್ಲ, ಮೇಲೆ ತೆಳು ಮಣ್ಣಿನ ಪದರ ಬಿಟ್ಟಿರುತ್ತದೆ. ಶತ್ರು ಎದುರಿನ ಬಾಗಿಲಿಗೆ ಬಂದರೆ ತಲೆಯಿಂದ ಗುದ್ದಿ ಆ ಪದರ ಒಡೆದು ಪಾರಾಗುತ್ತದೆ. ಈ ಗುಟ್ಟಿನ ಬಾಗಿಲಿಗೆ ಅರಬಿಯಲ್ಲಿ ನಾಫಿಕಾ ಅಂತ ಹೆಸರು. ಒಳಗೊಂದು ಹೊರಗೊಂದು ಇರುವವನನ್ನು ಕರೆಯುವ ಮುನಾಫಿಕ್ ಎಂಬ ಪದವನ್ನು ಹಳೆಯ ಅರಬಿ ನಿಘಂಟುಕಾರರು ಇದರ ಜೊತೆಗೇ ಜೋಡಿಸಿ ವಿವರಿಸಿದ್ದಾರೆ. ಇಬ್ನ್ ಮನ್ಝೂರ್ ಅವರ ಲಿಸಾನುಲ್ ಅರಬ್‌ನಲ್ಲೂ ಈ ವಿವರಣೆ ಇದೆ. ದುಬೈಯ ರಸ್ತೆಗಳಲ್ಲಿ ಸುರಂಗ ಮಾರ್ಗಕ್ಕೆ ಅರಬಿ ಬೋರ್ಡಿನಲ್ಲಿ ನಫಕ್ ಅಂತ ಬರೆದಿರುವುದನ್ನು ನೋಡಿದ್ದೀರಲ್ಲ, ಅದೂ ಇದೇ ಧಾತುವಿನ ಪದ.

ನಮ್ಮ ಕಾಸರಗೋಡಿನಲ್ಲೂ ಸುರಂಗ ಇದೆ. ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆಯ ಮುರಕಲ್ಲು ಗುಡ್ಡಗಳಲ್ಲಿ ಹಿರಿಯರು ಅಡ್ಡಕ್ಕೆ ಕೊರೆದ ಸುರಂಗಗಳಿಂದ ಇವತ್ತಿಗೂ ಮನೆ, ತೋಟಗಳಿಗೆ ನೀರು ಬರುತ್ತದೆ. ಅಲ್ಲಿ ಇಲಿ ನೀರು ಉಳಿಸಲು ಬಿಲ ತೋಡಿತು, ಇಲ್ಲಿ ಮನುಷ್ಯ ನೀರು ಹುಡುಕಲು ಸುರಂಗ ತೋಡಿದ.

ಮರಳು, ಬಾಲ, ಮರಿ

ಹೋಲಿಕೆ ಇನ್ನೂ ಇದೆ. ಇಬ್ಬರೂ ಮರಳಿನ ಬಣ್ಣದವರು, ಮರಳಿನಲ್ಲಿ ಅಡಗುವವರು. ತೊರಕೆ ತನ್ನ ಮೇಲೆ ಮರಳು ಎರಚಿಕೊಂಡು ಕಣ್ಣು ಮಾತ್ರ ಹೊರಗಿಟ್ಟು ಮಲಗುತ್ತದೆ. ಬಾಯಿ ಹೊಟ್ಟೆಯ ಕಡೆ ಇರುವುದರಿಂದ ಅಲ್ಲಿಂದ ನೀರೆಳೆದರೆ ಮರಳೂ ಬರುತ್ತದೆ. ಅದಕ್ಕೇ ಕಣ್ಣಿನ ಹಿಂದೆ ಉಸಿರಾಟಕ್ಕೆ ಎರಡು ರಂಧ್ರಗಳಿವೆ. ಬಾಯಿಯ ಹತ್ತಿರ ಇರುವ ಏಡಿ, ಸಿಗಡಿಗಳನ್ನು ಅದು ಕಣ್ಣಿನಿಂದ ನೋಡಲಾರದು. ಅವುಗಳ ಮೈಯಿಂದ ಹೊರಡುವ ಅತಿ ಸಣ್ಣ ವಿದ್ಯುತ್ತನ್ನು ಚರ್ಮದ ರಂಧ್ರಗಳಿಂದ ಗ್ರಹಿಸಿ ಹಿಡಿಯುತ್ತದೆ. ಜರ್ಬೂವಿನ ಬಲ ಕಣ್ಣು ಮತ್ತು ಕಿವಿ. ಕತ್ತಲಲ್ಲಿ ಗೂಬೆ, ಹಾವು, ಮರುಭೂಮಿ ನರಿಗಳಿಂದ ತಪ್ಪಿಸಿಕೊಳ್ಳಲು ಅದಕ್ಕೆ ಅವೇ ಬೇಕು.

ಇಬ್ಬರಿಗೂ ಉದ್ದ ಬಾಲ. ಜರ್ಬೂಗೆ ಅದು ನೆಗೆಯುವಾಗ ತೂಕ ಹಿಡಿಯುವ ಕೋಲು, ನಿಂತಾಗ ಮೂರನೆಯ ಕಾಲು. ತೊರಕೆಗೆ ಅದು ಆಯುಧ. ಹಿಂದೆಲ್ಲ ಕೇರಳದಲ್ಲಿ ತಿರಂಡಿ ಬಾಲದ ಚಾಟಿಯೆಂದರೆ ದೊಡ್ಡವರೂ ಹೆದರುತ್ತಿದ್ದರು.

ಮರಿ ಹಾಕುವುದರಲ್ಲೂ ಒಂದು ಸಾಮ್ಯ ಇದೆ. ತೊರಕೆ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಗರ್ಭದ ಗೋಡೆಯಿಂದ ಹಾಲಿನಂಥ ಪೌಷ್ಟಿಕ ದ್ರವ ಸುರಿದು ಮರಿಗಳನ್ನು ಬೆಳೆಸುತ್ತದೆ. ಜರ್ಬೂ ಹೆತ್ತ ಮೇಲೆ ಹಾಲು ಕೊಡುತ್ತದೆ, ತೊರಕೆ ಹೆರುವ ಮೊದಲೇ ಕೊಟ್ಟಿರುತ್ತದೆ. ಆದರೆ ಲೆಕ್ಕದಲ್ಲಿ ಸೋಲುವುದು ತೊರಕೆಯೇ. ಇಲಿ ಬೇಗ ಬೆಳೆದು ಬೇಗ ಮರಿ ಹಾಕುತ್ತದೆ. ತೊರಕೆ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು, ಒಂದು ಸಲಕ್ಕೆ ಹಾಕುವುದು ಕೆಲವೇ ಮರಿ.

ಹಾಗಾಗಿಯೇ ಈಗ ಕಷ್ಟದಲ್ಲಿರುವುದು ಕಡಲಿನ ಜೀವಿ. ಸಣ್ಣ ಜರ್ಬೂ ಸದ್ಯ ಅಳಿವಿನ ಅಂಚಿನಲ್ಲಿಲ್ಲ. ಆದರೆ ಶಾರ್ಕ್, ತೊರಕೆ ಜಾತಿಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಅಳಿವಿನ ಭೀತಿಯಲ್ಲಿವೆ ಎಂದು 2021ರಲ್ಲಿ ಬಂದ ಜಾಗತಿಕ ಅಧ್ಯಯನ ಹೇಳಿತು; ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ. ನೆಲ ಸವರಿಕೊಂಡು ಹೋಗುವ ಟ್ರಾಲ್ ಬಲೆಗೆ ಮರಿ ತೊರಕೆಯೂ ಬೀಳುತ್ತದೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ ಇರುವುದು ಇಂಥ ಜೀವಿಗಳಿಗೂ ಉಸಿರು ಬಿಡಲು ಸಮಯ ಕೊಡುತ್ತದೆ. ಗರಗಸ ಮೀನು ಮತ್ತು ಮುಳ್ಳುಮೈಯ ಒಂದು ತೊರಕೆಯನ್ನು ಭಾರತ ಸರ್ಕಾರ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದೆ. ಬಲೆಗೆ ಬಿದ್ದ ಜೀವಂತ ಮರಿಗಳನ್ನು ನೀರಿಗೆ ಬಿಟ್ಟರೆ ನಷ್ಟ ಕಡಿಮೆ, ಮುಂದಿನ ಲಾಭ ದೊಡ್ಡದು.

ತೊರಕೆ ಮುಳ್ಳು ಚುಚ್ಚಿದರೆ

ಕಡಲಿಗೆ ಇಳಿಯುವ ಯುವಕರು ಇದನ್ನು ಗಮನವಿಟ್ಟು ಓದಿ. ತೊರಕೆ ತಾನಾಗಿ ಅಟ್ಟಿಸಿಕೊಂಡು ಬಂದು ಚುಚ್ಚುವ ಪ್ರಾಣಿಯಲ್ಲ. ತುಳಿದರೆ ಬಾಲ ಎತ್ತಿ ಹೊಡೆಯುತ್ತದೆ. ಬಾಲದ ಮುಳ್ಳಿಗೆ ಗರಗಸದಂಥ ಹಲ್ಲುಗಳಿವೆ, ಮೇಲೆ ವಿಷದ ಪದರ ಇದೆ. ಆಸ್ಟ್ರೇಲಿಯಾದ ಹೆಸರಾಂತ ವನ್ಯಜೀವಿ ನಿರೂಪಕ ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರ್ 4ರಂದು ತೀರಿಕೊಂಡದ್ದು ಎದೆಗೆ ತೊರಕೆ ಮುಳ್ಳು ನಾಟಿ. ಅಂಥ ಸಾವು ಅಪರೂಪ. ಕಾಲಿಗೆ ಚುಚ್ಚಿಸಿಕೊಳ್ಳುವುದು ಮಾತ್ರ ಅಪರೂಪವಲ್ಲ.

ಆಳವಿಲ್ಲದ ನೀರಿನಲ್ಲಿ, ಅಳಿವೆ ಬಾಗಿಲಿನಲ್ಲಿ ನಡೆಯುವಾಗ ಕಾಲು ಎತ್ತಿ ಇಡಬೇಡಿ, ಮರಳಿನಲ್ಲಿ ಎಳೆದುಕೊಂಡು ನಡೆಯಿರಿ. ಸದ್ದಿಗೆ ಅದು ತಾನೇ ಸರಿದುಹೋಗುತ್ತದೆ. ಚುಚ್ಚಿದರೆ ಗಾಯ ತೊಳೆದು, ಆ ಭಾಗವನ್ನು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, 30ರಿಂದ 90 ನಿಮಿಷ ಮುಳುಗಿಸಿಡಿ. ಬಿಸಿಗೆ ನೋವು ಇಳಿಯುತ್ತದೆ. ಕುದಿಯುವ ನೀರು ಬೇಡ. ಬಿಸಿ ಎಷ್ಟಿದೆ ಅಂತ ಗಾಯ ಆಗದ ಕೈಯಿಂದ ನೋಡಿ. ನಂತರ ಆಸ್ಪತ್ರೆಗೆ ಹೋಗಲೇಬೇಕು. ಮುಳ್ಳಿನ ಚೂರು ಒಳಗೆ ಉಳಿದರೆ ಗಾಯ ಕೀವಾಗುತ್ತದೆ, ಟೆಟನಸ್ ಇಂಜೆಕ್ಷನ್ನೂ ಬೇಕಾಗಬಹುದು. ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ್ದರೆ ಮುಳ್ಳನ್ನು ಎಳೆಯಬೇಡಿ, ಹಾಗೆಯೇ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಸತ್ತ ತೊರಕೆಯ ಮುಳ್ಳಿನಲ್ಲೂ ವಿಷ ಉಳಿದಿರುತ್ತದೆ ಎಂಬುದನ್ನು ಮೀನು ಕೊಯ್ಯುವವರು ಮರೆಯಬಾರದು.

ನಾವು ತೊರಕೆಯೂ ಅಲ್ಲ, ಜರ್ಬೂವೂ ಅಲ್ಲ

ಮನುಷ್ಯ ಕಡಲ ನೀರು ಕುಡಿದರೆ ಏನಾಗುತ್ತದೆ? ಒಂದು ಲೀಟರ್ ಕಡಲ ನೀರಿನ ಉಪ್ಪನ್ನು ಹೊರಗೆ ಹಾಕಲು ನಮ್ಮ ಕಿಡ್ನಿಗೆ ಒಂದು ಲೀಟರ್‌ಗಿಂತ ಹೆಚ್ಚು ನೀರು ಬೇಕು. ಕುಡಿದಷ್ಟೂ ನಷ್ಟ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಗೆ ಕಡಲ ನೀರು ನುಗ್ಗಿ, ಬಾವಿಕ್ಕರೆಯಿಂದ ಬರುವ ನಲ್ಲಿ ನೀರು ಉಪ್ಪಾಗಿ ಕಾಸರಗೋಡು ಪೇಟೆಯವರು ವರ್ಷಗಟ್ಟಲೆ ಪಟ್ಟ ಪಾಡು ಹಿರಿಯರಿಗೆ ನೆನಪಿರಬಹುದು. ಸಿಹಿನೀರಿನ ಬೆಲೆ ಏನು ಅಂತ ನಮಗೆ ಪುಸ್ತಕ ಓದಿ ಗೊತ್ತಾಗಬೇಕಿಲ್ಲ.

ಮರುಭೂಮಿಯಲ್ಲಿ ನಮ್ಮ ಕಥೆ ಇನ್ನೂ ಕಷ್ಟ. ನಮ್ಮ ದೇಹ ತಂಪಾಗುವುದೇ ಬೆವರಿನಿಂದ. ಬೆವರು ಅಂದರೆ ನೀರು. ಸುಡು ಬಿಸಿಲಲ್ಲಿ ನೀರು ಕಡಿಮೆ ಕುಡಿದು ಕೆಲಸ ಮಾಡಿದರೆ ಮೂತ್ರ ಗಾಢವಾಗುತ್ತದೆ, ಲವಣಗಳು ಹರಳು ಕಟ್ಟುತ್ತವೆ. ಕಿಡ್ನಿ ಕಲ್ಲಿನ ತೊಂದರೆ ಹೆಚ್ಚಿರುವ ಪ್ರದೇಶಗಳ ಪಟ್ಟಿಯಲ್ಲಿ ಗಲ್ಫ್ ದೇಶಗಳೂ ಇವೆ. ಜರ್ಬೂಗೆ 20 ಪಟ್ಟು ಗಾಢ ಮೂತ್ರ ಸಹಜ. ನಮಗೆ ಮೂತ್ರ ಕಡು ಹಳದಿಯಾದರೆ ಅದು ಅಪಾಯದ ಸೂಚನೆ.

ಅದಕ್ಕಾಗಿಯೇ ಅಲ್ಲಿನ ಸರ್ಕಾರಗಳು ಮಧ್ಯಾಹ್ನದ ಬಿಸಿಲಿನ ಕೆಲಸಕ್ಕೆ ತಡೆ ಹಾಕಿವೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ, ಸೌದಿಯಲ್ಲಿ ಅದೇ ತಿಂಗಳುಗಳಲ್ಲಿ 12ರಿಂದ 3ರವರೆಗೆ, ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ತೆರೆದ ಬಿಸಿಲಲ್ಲಿ ದುಡಿಸುವಂತಿಲ್ಲ. ಜರ್ಬೂ ಹಗಲು ಬಿಲದೊಳಗೆ ಇರುವುದೂ ಇದೇ ಕಾರಣಕ್ಕೆ.

ಊರಿನಿಂದ ಫೋನ್ ಮಾಡುವಾಗ "ಊಟ ಆಯ್ತಾ?" ಅಂತ ಕೇಳುವುದು ನಮ್ಮ ರೂಢಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಜೊತೆಗೆ ಇನ್ನೊಂದು ಮಾತು ಸೇರಿಸೋಣ: "ನೀರು ಕುಡಿದೆಯಾ?" ತೊರಕೆಗೆ ಯೂರಿಯಾ ಇದೆ, ಜರ್ಬೂಗೆ ಅದರ ಕಿಡ್ನಿ ಇದೆ. ನಮ್ಮ ಮಕ್ಕಳಿಗೆ ಇರುವುದು ನೀರಿನ ಬಾಟಲಿ, ಸ್ವಲ್ಪ ನೆರಳು, ಮತ್ತೆ ನೆನಪಿಸುವವರು ಮಾತ್ರ.